ಗೇಟಿನ ಆಚೆ ನಿಂತ ಅಡುಗೆಯವ

ಒಂದು ವಿಮಾನದಳದಲ್ಲಿ ಒಬ್ಬ ಅಡುಗೆಯವ ಇದ್ದ. ಯಾಕೆ ನಗುತ್ತೀರಿ? ಪ್ರವಚನ ಅಂದರೆ ಪ್ರತಿ ಸಲ ಶ್ರೀಮಂತನ ಕಥೆಯನ್ನೇ ಹೇಳಬೇಕೇನು? ಶ್ರೀಮಂತ ಅಂದ ಕೂಡಲೇ ಇದು ನನಗಲ್ಲ, ಪಕ್ಕದವನಿಗೆ ಅಂತ ನೆಮ್ಮದಿಯಾಗಿ ಕೂತುಬಿಡುತ್ತೀರಿ. ಅಡುಗೆಯವನ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ಕಥೆ ಬಿಟ್ಟು ಅವನ ಜಾತಿ ಯಾವುದು, ಬೀಗರು ಯಾರು ಅಂತ ಹುಡುಕುತ್ತೀರಿ. ನಿಮ್ಮನ್ನು ನಾನು ಬಲ್ಲೆ.

ಯುದ್ಧದ ಕಾಲ. ಗಡಿಯ ಹತ್ತಿರದ ಬಯಲಲ್ಲಿ ಒಂದು ವಿಮಾನ ನಿಲ್ದಾಣ, ಅಲ್ಲಿ ಎಂಟು ಯುದ್ಧವಿಮಾನ. ಬೆಳಕು ಹರಿಯುತ್ತಲೇ ಹಾರುತ್ತಿದ್ದವು. ಹೋದವೆಲ್ಲ ತಿರುಗಿ ಬರುತ್ತಿರಲಿಲ್ಲ. ಬಂದ ಪೈಲಟುಗಳು ಇಳಿದು ಮುಖ ತೊಳೆಯುವಷ್ಟರಲ್ಲಿ ನಮ್ಮ ಅಡುಗೆಯವ ತಟ್ಟೆ ಹಾಕಿ ಬಿಸಿ ಚಪಾತಿ ಇಟ್ಟಿರುತ್ತಿದ್ದ. ಎಷ್ಟು ಜನ ಬಂದರೋ ಅಷ್ಟೇ ತಟ್ಟೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ದಳದ ಸಾಹೇಬನೂ ಪೈಲಟ್. ಧೈರ್ಯವಂತ, ಆದರೆ ಸಂಶಯದ ಪ್ರಾಣಿ. ಅವನು ಹಾರದೆ ಉಳಿದಿದ್ದ ಒಂದು ದಿನ ಅಡುಗೆಮನೆಗೆ ಬಂದು ನೋಡುತ್ತಾನೆ, ಐದು ತಟ್ಟೆ. ಹೋದವರು ಆರು ಜನ. ಇನ್ನೂ ಯಾರೂ ಇಳಿದಿಲ್ಲ! ಕಾಲು ಗಂಟೆ ಕಳೆದು ಇಳಿದವರು ನಿಜವಾಗಿಯೂ ಐದೇ ಜನ.

"ಕಚೇರಿಗೇ ಗೊತ್ತಿಲ್ಲದ ಸುದ್ದಿ ನಿನಗೆ ಹೇಗೆ ಗೊತ್ತಾಯಿತು?"

"ಸಪ್ಪಳ ಕೇಳಿಸ್ತೈತ್ರಿ ಸಾಹೇಬ್ರ. ಹೋಗುಮುಂದ ಆರಿದ್ದೂ, ಬರುಮುಂದ ಐದ ಅದಾವ್ರಿ. ಒಂದೊಂದರ ಸಪ್ಪಳ ಒಂದೊಂದ ನಮೂನಿ ಇರ್ತೈತಿ. ನಿಮ್ಮದು ಸೊಲ್ಪ ಕೆಮ್ಮತೈತಿ."

"ಯಾರಿಗೂ ಕೇಳಿಸದ್ದು ನಿನಗೊಬ್ಬನಿಗೇ ಕೇಳಿಸುತ್ತದೋ?"

ನೋಡಿ, ಅಲ್ಲಿಗೆ ಸಂಶಯ ಹೊಕ್ಕಿತು. ಹೊಕ್ಕ ಮೇಲೆ ಕೇಳಬೇಕೇ? ಅಡುಗೆಯವ ಆಕಾಶ ನೋಡಿದರೆ ಯಾರಿಗೋ ಸನ್ನೆ. ಹೆಂಡತಿಗೆ ಕಾಗದ ಬರೆದರೆ ಗುಪ್ತ ಸಂದೇಶ. ಬರೆಯದಿದ್ದರೆ? ಏನೋ ಮುಚ್ಚಿಡುತ್ತಿದ್ದಾನೆ! ಸಾಹೇಬ ಅವನ ಸಾರನ್ನು ಮೊದಲು ನಾಯಿಗೆ ಹಾಕಿ, ನಾಯಿ ಬಾಲ ಅಲ್ಲಾಡಿಸಿದ ಮೇಲೆ ತಾನು ಉಣ್ಣುತ್ತಿದ್ದ. ಕೊನೆಗೆ ಅವನನ್ನು ಹೊರಗೆ ಹಾಕಿದ. 'ಈತನನ್ನು ಯಾವ ಕಾರಣಕ್ಕೂ ಒಳಗೆ ಬಿಡಬಾರದು' ಅಂತ ಬರೆದು, ಸಹಿ ಮಾಡಿ, ಗೇಟಿಗೆ ಅಂಟಿಸಿದ.

ಪಾಪ, ಬೇಹುಗಾರ ಅನ್ನಿಸಿಕೊಂಡವನು ಯಾವ ಮುಖ ಹೊತ್ತು ಊರಿಗೆ ಹೋಗುತ್ತಾನೆ? ಗೇಟಿನ ಎದುರಿಗೇ ಹುಲ್ಲಿನ ಚಪ್ಪರ ಹಾಕಿ ಲಾರಿಯವರಿಗೆ ಚಹಾ ಮಾರಿದ. ಅದಕ್ಕೂ ಸಾಹೇಬ, "ಇಲ್ಲೇ ಯಾಕೆ ಕೂತ?" ಅಂತ ಕಾವಲು ಹಾಕಿದ.

ಬಿದ್ದ ವಿಮಾನಗಳ ಜಾಗಕ್ಕೆ ಬೇರೆ ಬಂದಿದ್ದವು. ಒಂದು ಮುಂಜಾನೆ ಎಂಟೂ ಹೋದವು. ಏಳು ಇಳಿದವು, ಅಷ್ಟರಲ್ಲಿ ಮಂಜು ಕವಿಯಿತು. ಎಂಟನೆಯದು ಸಾಹೇಬನದು. ರೇಡಿಯೋ ಕೆಟ್ಟು ಮಾತಿಲ್ಲ. ಒಳಗೆ ಏಳು ಎಂಜಿನ್ನುಗಳ ಗದ್ದಲ, ಯಾರಿಗೂ ಏನೂ ಕೇಳಿಸದು. ಸಾಹೇಬ ಬಿದ್ದ ಅಂತಲೇ ಎಲ್ಲರೂ ತಲೆ ತಗ್ಗಿಸಿದರು. ಗೇಟಿನ ಹೊರಗಿದ್ದ ಅಡುಗೆಯವ ಚಹಾದ ಕೆಟಲಿ ಕೆಳಗಿಟ್ಟು ಕಿವಿಗೊಟ್ಟ. ಪಡುವಣಕ್ಕೆ ಒಂದು ಸಪ್ಪಳ ಸುತ್ತುತ್ತಿದೆ, ಕೆಮ್ಮುತ್ತಿದೆ. ಗೇಟಿಗೆ ಓಡಿದ.

"ಒಳಗ ಬಿಡೋ! ಒಂದು ಮ್ಯಾಲೆ ಉಳದೈತಿ, ದಾರಿ ಕಾಣವಲ್ದು ಅದಕ್ಕ!"

ಕಾವಲಿನವ ಅಡ್ಡ ನಿಂತ. "ಆಗಲ್ಲ. ಸಾಹೇಬರ ಆರ್ಡರ್ ಇದೆ."

"ಆ ಸಾಹೇಬ್ರ ಮ್ಯಾಲೆ ಅದಾರೋ ಯಪ್ಪಾ!"

"ಅವರೇ ಅಂತ ನಿನಗೆ ಹೇಗೆ ಗೊತ್ತು?"

ಅದೇ ಪ್ರಶ್ನೆ! ರೋಗ ಸಾಹೇಬನಿಂದ ಕಾವಲಿನವನಿಗೂ ದಾಟಿತ್ತು. ವಿಮಾನದಲ್ಲಿ ಇನ್ನು ಎಷ್ಟು ಎಣ್ಣೆಯಿದೆಯೋ ಯಾರು ಬಲ್ಲರು? ಅಡುಗೆಯವ ತಿರುಗಿ ಓಡಿದ. ಲಾರಿಯವರು ಬಿಸಾಡಿದ್ದ ಹಳೆಯ ಟೈರುಗಳನ್ನು ಬೇಲಿಯ ಹತ್ತಿರ ಉರುಳಿಸಿದ, ತನ್ನ ಚಪ್ಪರವನ್ನೇ ಕಿತ್ತು ಮೇಲೆ ಹಾಕಿದ, ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ. ಅಂಗೈ ಸುಟ್ಟಿತು, ಬಿಡಲಿಲ್ಲ. ಕಪ್ಪು ಹೊಗೆ ಮಂಜನ್ನು ಸೀಳಿ ಮೇಲೆದ್ದಿತು. ಮೇಲಿದ್ದ ಸಾಹೇಬ ಅದನ್ನು ಕಂಡ, ಅದರ ಗುರುತಿನ ಮೇಲೆ ಇಳಿದ, ಬದುಕಿದ.

ಇಳಿದವನು ಏನು ಮಾಡಿದ ಹೇಳಿ? ಓಡಿಹೋಗಿ ತಬ್ಬಿಕೊಂಡ ಅಂತೀರಾ? ಅಯ್ಯೋ ನನ್ನಪ್ಪಗಳಿರಾ! ಅವನ ಮೊದಲ ಮಾತು ಇದು: "ಆ ಹೊಗೆ ಹಾಕಿದವನನ್ನು ಹಿಡಿದು ತನ್ನಿ! ಮಂಜಿನಲ್ಲಿ ಅಡಗಿದ್ದ ನಮ್ಮ ನಿಲ್ದಾಣವನ್ನು ಶತ್ರುವಿಗೆ ತೋರಿಸಿಕೊಟ್ಟಿದ್ದಾನೆ!"

ಹಿಡಿದು ತಂದರು. ಸುಟ್ಟ ಕೈಗಳನ್ನು ಎದೆಗೆ ಒತ್ತಿಕೊಂಡು ಅಡುಗೆಯವ ಸಾಹೇಬನ ಮುಖ ನೋಡಿದ. "ಇನ್ನೂ ಉಂಡಿಲ್ಲೇನ್ರಿ ಸಾಹೇಬ್ರ?" ಅಂದ.

ಸಾಹೇಬನ ಕಣ್ಣು ಕಿರಿದಾಯಿತು. "ನಾನು ಉಂಡಿಲ್ಲ ಅಂತ ನಿನಗೆ ಹೇಗೆ ಗೊತ್ತು?"

ನಕ್ಕುಬಿಟ್ಟಿರಿ. ನಗಬೇಡಿ. ಆ ದಳದ ಚರಿತ್ರೆಯನ್ನು ಆಮೇಲೆ ದಪ್ಪ ಪುಸ್ತಕ ಮಾಡಿದರು. ಅಡುಗೆಯವನಿಗೂ ಅದರಲ್ಲಿ ಒಂದು ಸಾಲು ಸಿಕ್ಕಿತು: 'ಬೇಲಿಯ ಬಳಿ ಬೆಂಕಿ ಹಾಕಿದ ಸಂಶಯಾಸ್ಪದ ವ್ಯಕ್ತಿಯನ್ನು ಬಂಧಿಸಲಾಯಿತು.' ಬರೆದವರು ಯಾರು? ಅದೇ ಸಾಹೇಬ. ಬರೆಯುವುದಕ್ಕೆ ಜೀವಂತ ಇದ್ದನಲ್ಲ!

ಈಗ ನಿಮ್ಮ ಮನೆಗೆ ಬರೋಣ. ಪಕ್ಕದ ಮನೆಯಾಕೆ ಹೋಳಿಗೆ ತಂದುಕೊಟ್ಟರೆ, "ಇವತ್ತೇ ಯಾಕೆ ತಂದಳು?" ಸೊಸೆ ಕಾಲೊತ್ತಿದರೆ, "ಏನು ಕೇಳುವುದಕ್ಕಿದೆ ಇವಳಿಗೆ?" ದಾಯಾದಿ ಫೋನು ಮಾಡಿ ಆರೋಗ್ಯ ವಿಚಾರಿಸಿದರೆ, "ನನಗೆ ಹುಷಾರಿಲ್ಲ ಅಂತ ಅವನಿಗೆ ಹೇಗೆ ಗೊತ್ತು?" ಹೌದೋ ಅಲ್ಲವೋ? ನಾನೇನು ಕಡಿಮೆಯೇ? ಹೋದ ವಾರ ಯಾರೋ ಮಠದ ಜಗಲಿಯ ಮೇಲೆ ಒಂದು ಚೀಲ ಜೋಳ ಇಟ್ಟು ಹೋಗಿದ್ದರು. ಕೈ ಮುಗಿಯಬೇಕಾದ ನಾನು, "ಯಾರು? ಯಾಕೆ ಹೆಸರು ಹೇಳಲಿಲ್ಲ?" ಅಂತ ಎರಡು ದಿನ ವಿಚಾರಣೆ ನಡೆಸಿದೆ. ನಾಚಿಕೆಯಾಗುತ್ತದೆ ನನಗೆ.

ಕಳ್ಳರಿಲ್ಲ ಅಂತ ನಾನು ಹೇಳುತ್ತಿಲ್ಲ. ಬಾಗಿಲಿಗೆ ಬೀಗ ಹಾಕಿ, ಬೇಡ ಅನ್ನುವವನಲ್ಲ. ಆದರೆ ವರ್ಷಗಟ್ಟಲೆ ನಿಮ್ಮ ಸಪ್ಪಳಕ್ಕೆ ಕಿವಿಗೊಟ್ಟು ಕೂತವರು ಒಬ್ಬರಾದರೂ ಇರುತ್ತಾರೆ. ನೀವು ಕೆಮ್ಮಿದರೆ ಅವರಿಗೆ ಗೊತ್ತಾಗುತ್ತದೆ. ಅವರ ಮೇಲೆ ನಿಮ್ಮ ಗೇಟಿನಲ್ಲಿ ಏನು ಬರೆದು ಅಂಟಿಸಿದ್ದೀರಿ? ಈಗ ಇಲ್ಲಿಂದ ಎದ್ದು ಮನೆಗೆ ಹೋಗುತ್ತೀರಲ್ಲ, ಮೊದಲು ಅದನ್ನು ಹರಿಯಿರಿ. ಆಮೇಲೆ ಅವರ ಮನೆಗೆ ಹೋಗಿ, ಯಾಕೆ, ಹೇಗೆ ಅಂತ ಏನೂ ಕೇಳದೆ, "ಉಂಡ್ರೇನ್ರಿ?" ಅಂತ ಒಂದು ಮಾತು ಕೇಳಿ. ಅವರು ನಿಮ್ಮನ್ನು ಸಂಶಯದಿಂದ ನೋಡುತ್ತಾರೆ. ನೋಡಲಿ, ಅದನ್ನು ಕಲಿಸಿದವರು ನೀವೇ.