ನಲವತ್ತೆಂಟು ಕಿಲೋ ಕೂಸು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಬಡಾವಣೆ ಸಂಘದ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಮೂಳೆ ಡಾಕ್ಟರೇ, ನಮ್ಮೆಲ್ಲರ ಬೆವರಿಳಿಸುವ ಕೋಚ್ ಮೇಡಂ ಅವರೇ, ನನ್ನ ಜೊತೆಯಲ್ಲಿ ಏದುಸಿರು ಬಿಡುವ ತಾಯಂದಿರೇ, ಅವರ ಒತ್ತಾಯಕ್ಕೆ ಬಂದು ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಿರುವ ಗಂಡಂದಿರೇ, ಅಳುತ್ತಿರುವ ಮತ್ತು ಸದ್ಯಕ್ಕೆ ಅಳದಿರುವ ಮಕ್ಕಳೇ, ಸಭಿಕರೇ,

ಮೊದಲಿಗೆ ಒಂದು ಕ್ಷಮೆ ಕೇಳುತ್ತೇನೆ. ನಾನು ವೇದಿಕೆ ಹತ್ತಲಿಲ್ಲ, ಮೈಕನ್ನೇ ಕೆಳಗೆ ತರಿಸಿಕೊಂಡೆ. ಅಧ್ಯಕ್ಷರು ಇದನ್ನು ವಿನಯವೆಂದು ಹೊಗಳಿದರು. ವಿನಯವೂ ಇಲ್ಲ, ಗಿನಯವೂ ಇಲ್ಲ ಸ್ವಾಮಿ. ಆ ವೇದಿಕೆಗೆ ಮೆಟ್ಟಿಲುಗಳಿವೆ. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು, ಅಮ್ಮ ಏನು ಎಡವಟ್ಟು ಮಾಡುತ್ತಾಳೋ ಎಂದು ನನ್ನನ್ನೇ ನೋಡುತ್ತಿದ್ದಾಳಲ್ಲ, ಅವಳು ನನ್ನ ಮಗಳು. ಅವಳು ಎಲ್ಲಿಯವರೆಗೆ ಬರಬಹುದೋ ನಾನೂ ಅಲ್ಲಿಯವರೆಗೆ.

ಇನ್ನೊಂದು ಮಾತು. ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ನಿವೃತ್ತಿಯಾಗುವವರೆಗೂ ನಾನು ವಿದ್ಯುತ್ ಬಿಲ್ ಕಟ್ಟುವ ಕೌಂಟರಿನಲ್ಲಿ ಗಾಜಿನ ಹಿಂದೆ ಕುಳಿತವಳು. ಅಲ್ಲಿ ನನ್ನ ಅತಿ ದೀರ್ಘ ಭಾಷಣವೆಂದರೆ, "ಚಿಲ್ಲರೆ ಕೊಡಿ, ರಸೀದಿ ತಗೊಳ್ಳಿ, ಮುಂದಿನವರು ಬನ್ನಿ." ನನ್ನನ್ನು ಕಂಡರೆ ಜನ ಹೆದರುತ್ತಿದ್ದರು. ಈ ಸಭೆಯಲ್ಲೇ ಇಬ್ಬರು ಮೂವರು ಈಗಲೂ ಹೆದರಿದಂತೆ ಕಾಣುತ್ತಿದೆ. ಹೆದರಬೇಡಿ, ಇವತ್ತು ಬಾಕಿ ಕೇಳುವುದಿಲ್ಲ.

ನೀವೆಲ್ಲ ಸೇರಿ ನನಗೆ "ವರ್ಷದ ಬಲಿಷ್ಠ ತಾಯಿ" ಎಂಬ ಈ ಫಲಕ ಕೊಟ್ಟಿದ್ದೀರಿ. ಚೆನ್ನಾಗಿದೆ, ಭಾರವಾಗಿಯೂ ಇದೆ. ಆದರೆ ಇದನ್ನು ಮನೆಗೆ ಒಯ್ಯುವ ಯೋಗ್ಯತೆ ನನಗಿದೆಯೇ? ಸೋಮವಾರದ ನಂತರವೂ ಇರುತ್ತದೆಯೇ? ಇದನ್ನು ನಿಮ್ಮೆದುರಿಗೇ ಇತ್ಯರ್ಥ ಮಾಡಿಕೊಳ್ಳೋಣ ಎಂದು ನಿಂತಿದ್ದೇನೆ.

ನಾನು ಈ ಗುಂಪಿಗೆ ಸೇರಿದ ಕಥೆ ಹಳಬರಿಗೆ ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ಗ್ರಂಥಾಲಯದ ಗೇಟಿನಲ್ಲಿ ಒಂದು ಬೋರ್ಡು ಹಾಕಿದ್ದರು. "ತಾಯಂದಿರ ವ್ಯಾಯಾಮ ಗುಂಪು. ಮಗುವನ್ನು ಎತ್ತಿ ಎತ್ತಿ ಸೊಂಟ ನೋವೇ? ಹಿಂದಿನ ಹಾಲಿಗೆ ಬನ್ನಿ." ಓದಿದೆ, ನನಗಾಗಿಯೇ ಬರೆದ ಹಾಗಿತ್ತು, ಬಂದೆ. ಬಾಗಿಲಲ್ಲಿ ಕೋಚ್ ಮೇಡಂ ನಿಂತಿದ್ದರು.

"ಆಂಟಿ, ಮೊಮ್ಮಗೂನ ಕರ್ಕೊಂಡು ಬಂದ್ರಾ?"

"ಇಲ್ಲಮ್ಮ, ನಾನೇ ಸೇರೋಕೆ ಬಂದಿದ್ದೀನಿ."

"ಇದು ತಾಯಂದಿರಿಗೆ, ಆಂಟಿ..."

"ನಾನೇನು ಚಿಕ್ಕಪ್ಪನಾ?"

ಪಾಪ, ಮೇಡಂ ಬಾಗಿಲಿಂದ ಸರಿದು ನನ್ನನ್ನು ಒಳಗೆ ಬಿಟ್ಟರು. ಒಳಗೆ ನೋಡಿದರೆ ಎಲ್ಲರೂ ನನ್ನ ಮಗಳಿಗಿಂತ ಚಿಕ್ಕವರು, ಎಲ್ಲರ ಕಂಕುಳಲ್ಲೂ ಒಂದೊಂದು ಕೂಸು. ಈ ಗುಂಪಿನ ಪದ್ಧತಿ ನಿಮಗೆ ಗೊತ್ತಲ್ಲ, ಇಲ್ಲಿ ಡಂಬೆಲ್ ಇಲ್ಲ, ಮಗುವೇ ಡಂಬೆಲ್. ಮಗುವನ್ನು ಎದೆಗವಚಿಕೊಂಡು ಕೂರುವುದು, ಏಳುವುದು. ಮಗು ಬೆಳೆದಂತೆ ಅಮ್ಮನ ತೋಳೂ ಬೆಳೆಯುತ್ತದೆ. ಅದಕ್ಕೇ ಮೊದಲ ದಿನ ಮೇಡಂ ಎಲ್ಲರನ್ನೂ ಮಗುವಿನ ತೂಕ ಕೇಳುತ್ತಾರೆ. ಒಬ್ಬಳು ಆರು ಕಿಲೋ ಅಂದಳು. ಇನ್ನೊಬ್ಬಳು ಏಳೂವರೆ ಅಂದಳು. ಅವಳಿಗಳ ತಾಯಿ, "ಯಾವುದ್ರದ್ದು ಹೇಳ್ಲಿ?" ಅಂದಳು. ನನ್ನ ಸರದಿ ಬಂತು.

"ನಲವತ್ತೆಂಟು" ಅಂದೆ.

ಮೇಡಂ ನನ್ನ ಕಂಕುಳು ನೋಡಿದರು, ಆಮೇಲೆ ನನ್ನ ಹಿಂದೆ ಇಣುಕಿದರು.

"ಮಗು... ಎಲ್ಲಿದೆ ಆಂಟಿ?"

"ಡ್ಯೂಟಿಯಲ್ಲಿದ್ದಾಳೆ."

ಆಮೇಲೆ ನಕ್ಕರು ನೋಡಿ, ಛಾವಣಿ ಹಾರುವ ಹಾಗೆ. ನಾನು ನಗಲಿಲ್ಲ. ಕೌಂಟರಿನಲ್ಲಿ ಕೂತವರು ಸುಲಭಕ್ಕೆ ನಗುವುದಿಲ್ಲ. ನಗು ನಿಂತ ಮೇಲೆ ವಿಷಯ ಹೇಳಿದೆ.

ನನ್ನ ಮಗಳ ಸ್ನಾಯುಗಳಿಗೆ ಚಿಕ್ಕಂದಿನಿಂದಲೂ ಶಕ್ತಿಯಿಲ್ಲ. ಬೆರಳುಗಳು ಆಡುತ್ತವೆ, ಕುತ್ತಿಗೆ ನಿಲ್ಲುತ್ತದೆ, ಕಾಲು ನಿಲ್ಲುವುದಿಲ್ಲ. ನಾಲಿಗೆಗೆ ಮಾತ್ರ ಯಾವ ಕಾಯಿಲೆಯೂ ಬಂದಿಲ್ಲ. ಅವಳು ಮನೆಯಿಂದಲೇ ಒಂದು ಟ್ಯಾಕ್ಸಿ ಕಂಪನಿಗೆ ಕೆಲಸ ಮಾಡುತ್ತಾಳೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಯಾವ ಗಾಡಿ ಎಲ್ಲಿಗೆ ಹೋಗಬೇಕು, ಯಾವ ರಸ್ತೆ ಅಗೆದಿದ್ದಾರೆ, ಯಾವ ಓಣಿಯಿಂದ ತಪ್ಪಿಸಿಕೊಳ್ಳಬೇಕು, ಎಲ್ಲ ಹೇಳುತ್ತಾಳೆ. ಊರಿನ ಒಂದು ರಸ್ತೆಯಲ್ಲೂ ನಡೆದವಳಲ್ಲ, ಆದರೂ ದಾರಿ ತಪ್ಪಿದ ಡ್ರೈವರುಗಳು ಇವಳನ್ನೇ ಕೇಳುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತೀರೇನೋ. ಅನ್ನಿ. ನನ್ನ ಮಗಳು ಜಾಣೆ.

ಬೆಳಿಗ್ಗೆ ಅವಳನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತಬೇಕು, ರಾತ್ರಿ ಕುರ್ಚಿಯಿಂದ ಹಾಸಿಗೆಗೆ. ನನ್ನವರು ಇದ್ದಾಗ ಅವರು ಹೆಗಲ ಕಡೆ, ನಾನು ಕಾಲಿನ ಕಡೆ. ಅವರು ಬಸ್ ಓಡಿಸುತ್ತಿದ್ದವರು, "ರೈಟ್ ರೈಟ್" ಎಂದೇ ಎತ್ತುತ್ತಿದ್ದರು. ಅವರು ಹೋದ ಮೇಲೆ ನಾನೊಬ್ಬಳೇ. ನಾನು ಬಗ್ಗುತ್ತೇನೆ, ಅವಳು ಗಲ್ಲವನ್ನು ನನ್ನ ಹೆಗಲ ಮೇಲಿಡುತ್ತಾಳೆ, ನಾನು ಅವಳ ಕಂಕುಳ ಕೆಳಗೆ ಕೈ ತೂರಿಸಿ ಬೆನ್ನ ಹಿಂದೆ ಬಿಗಿಯಾಗಿ ಕಟ್ಟುತ್ತೇನೆ. ಆಮೇಲೆ ಅವಳು "ಹೂಂ" ಅನ್ನಬೇಕು. ಅವಳು ಹೂಂ ಅನ್ನದೆ ಎತ್ತುವ ಹಾಗಿಲ್ಲ. ಅದು ಅವಳ ಕಾನೂನು. "ನಾನೇನು ಮೂಟೆನಾ?" ಅಂತಾಳೆ.

ಇದನ್ನೆಲ್ಲ ಕೇಳಿದ ಮೇಲೆ ಕೋಚ್ ಮೇಡಂ ಒಳಗೆ ಹೋಗಿ ಒಂದು ಹಿಟ್ಟಿನ ಚೀಲ ತಂದು ನನ್ನ ಕೈಗಿಟ್ಟರು. ಅಂದಿನಿಂದ ಅದು ನನ್ನ ಮಗು. ನಿಮ್ಮ ಮಕ್ಕಳು ನಿಮ್ಮ ಮೇಲೆ ಹಾಲು ಕಕ್ಕುತ್ತಿದ್ದವು, ನನ್ನದು ಹಿಟ್ಟು ಕಕ್ಕುತ್ತಿತ್ತು. ಮನೆಗೆ ಹೋದರೆ ಮಗಳು, "ಅಮ್ಮಾ, ನೀನು ವ್ಯಾಯಾಮಕ್ಕೆ ಹೋಗಿದ್ಯೋ ಗಿರಣಿಗೆ ಹೋಗಿದ್ಯೋ?" ಅನ್ನುತ್ತಿದ್ದಳು.

ಎಷ್ಟು ನಕ್ಕಿದ್ದೇವೆ ನಾವು ಈ ಹಾಲಿನಲ್ಲಿ! ಸಂಘದ ಹೊಸ ಪದಾಧಿಕಾರಿಯೊಬ್ಬರು ಒಂದು ದಿನ ಬಂದು, "ಎಲ್ರೂ ಸ್ವಲ್ಪ ಕುಪ್ಪಳಿಸಿ ನೋಡೋಣ" ಅಂದಾಗ ಇಡೀ ಗುಂಪು ಒಟ್ಟಿಗೇ ಬಾತ್‌ರೂಮಿನ ಬಾಗಿಲ ಕಡೆ ನೋಡಿತು. ಯಾಕೆ ಎಂದು ಗಂಡಂದಿರಿಗೆ ಅರ್ಥವಾಗದಿದ್ದರೆ ಮನೆಗೆ ಹೋಗಿ ಕೇಳಿ. ಹೆತ್ತ ಮೇಲೆ ಮೈ ಹೇಗಿರುತ್ತದೆ ಎಂದು ನನ್ನ ಕಾಲದಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಿರುತ್ತಿದ್ದೆವು. ನೀವು ಹಾಗಲ್ಲ, ಒಬ್ಬಳು ಹೇಳಿದರೆ ಹತ್ತು ಜನ "ನಂಗೂ" ಅನ್ನುತ್ತೀರಿ. ಆ "ನಂಗೂ" ಕೇಳಲಿಕ್ಕೇ ನಾನು ಎಷ್ಟೋ ದಿನ ಬಂದಿದ್ದೇನೆ.

ಆದರೆ ಸಭಿಕರೇ, ನನಗೆ ಕಷ್ಟವಾಗುತ್ತಿದ್ದದ್ದು ಕೊನೆಯ ಹತ್ತು ನಿಮಿಷ. ಎಲ್ಲ ಮುಗಿದ ಮೇಲೆ ಚಾಪೆಯ ಮೇಲೆ ಅಂಗಾತ ಮಲಗಿ ಮಗುವನ್ನು ಎದೆಯ ಮೇಲೆ ಹಾಕಿಕೊಂಡು ಸುಮ್ಮನೆ ಉಸಿರಾಡುವುದಿದೆಯಲ್ಲ, ಅದು. ಇಡೀ ಹಾಲ್ ನಿಶ್ಶಬ್ದವಾಗುತ್ತದೆ. ನಾನು ಎದೆಯ ಮೇಲೆ ಹಿಟ್ಟಿನ ಚೀಲ ಹಾಕಿಕೊಂಡು ಮಲಗುತ್ತಿದ್ದೆ. ನಗಬೇಡಿ. ಹಾಂ, ನಗಿ, ಪರವಾಗಿಲ್ಲ.

ಈಗ ಮುಖ್ಯ ಅತಿಥಿಗಳ ವಿಷಯಕ್ಕೆ ಬರುತ್ತೇನೆ. ಈ ಡಾಕ್ಟರು ನನ್ನ ಬೆನ್ನಿನ ಫೋಟೋ ನೋಡಿ, "ಇನ್ನು ಎತ್ತಬೇಡಿ. ಎತ್ತಿದರೆ ನಿಮ್ಮನ್ನೇ ಎತ್ತೋರು ಬೇಕಾಗ್ತಾರೆ" ಅಂದಿದ್ದರು. ನಾನು "ಆಯ್ತು ಸಾರ್" ಅಂದು, ಹೊರಗೆ ಬಂದು, ರಾತ್ರಿ ಎತ್ತಿದೆ. ಆಸ್ಪತ್ರೆಯವರು ಎತ್ತುವ ಯಂತ್ರವೊಂದನ್ನು ಎರವಲು ಕೊಡುತ್ತಾರೆ. ಒಂದು ಕಂಬ, ಅದಕ್ಕೊಂದು ತೋಳು, ತೋಳಿಗೆ ಜೋಳಿಗೆಯಂಥ ಬಟ್ಟೆ. ಗುಂಡಿ ಒತ್ತಿದರೆ ಮಗಳು ಮೇಲೆ, ಇನ್ನೊಂದು ಒತ್ತಿದರೆ ಕೆಳಗೆ. ಅದನ್ನು ಎರಡು ಸಲ ಮನೆಯ ಬಾಗಿಲಿಗೆ ತಂದರು. ಎರಡು ಸಲವೂ ನಾನು, "ಈ ವಿಳಾಸ ಅಲ್ಲ, ಮುಂದಿನ ಬೀದಿ" ಎಂದು ವಾಪಸ್ ಕಳಿಸಿದೆ.

"ಅಮ್ಮಾ, ಕ್ರೇನ್ ಬೇಕು ಅಂತ ಬರೆದು ಕೊಟ್ಟಿದ್ದು ನಾನು. ಕಳ್ಸೋಕೆ ನೀನ್ಯಾರು?"

"ನನ್ನ ಕೈ ಇನ್ನೂ ಬಿದ್ದುಹೋಗಿಲ್ಲ ಕಣೇ."

"ಕೈ ಅಲ್ಲ, ಬೆನ್ನು. ನಾಳೆ ನೀನು ಬಿದ್ರೆ ನಾನೆಲ್ಲಿಗೆ ಹೋಗ್ಲಿ? ಯಾವುದೋ ಆಶ್ರಮಕ್ಕಾ?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಇದೇ ಜಗಳ. ಅವಳು ಹೇಳುತ್ತಿದ್ದದ್ದು ನ್ಯಾಯವೇ. ನನ್ನ ಬೆನ್ನು ಮುರಿದರೆ ಅವಳ ಮನೆ, ಅವಳ ಕೆಲಸ, ಅವಳ ಕಿಟಕಿ, ಎಲ್ಲ ಹೋಗುತ್ತದೆ. ಗೊತ್ತಿದ್ದೂ ನಾನೇಕೆ ಬೇಡವೆಂದೆ? ಹಟವೇ? ಯಂತ್ರದ ಭಯವೇ? ಜನ ಏನಂದಾರು ಎಂದೇ? ಅಲ್ಲ. ಕಾರಣವನ್ನು ಇಲ್ಲಿ ಹೇಳುವುದಿಲ್ಲ ಎಂದೇ ಮನೆಯಿಂದ ಹೊರಟಿದ್ದೆ.

ಬಾಯಿಗೆ ಬಂದುಬಿಟ್ಟಿದೆ, ಹೇಳುತ್ತೇನೆ. ನನ್ನವರು ಹೋದ ಮೇಲೆ ನನ್ನನ್ನು ಯಾರೂ ಮುಟ್ಟುವುದಿಲ್ಲ ಸಭಿಕರೇ. ಈ ವಯಸ್ಸಿನ ಹೆಂಗಸನ್ನು ಯಾರು ಮುಟ್ಟುತ್ತಾರೆ? ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಮಗಳ ಗಲ್ಲ ನನ್ನ ಹೆಗಲ ಮೇಲೆ ಬರುತ್ತದೆ. ಅದನ್ನೂ ಆ ಕಬ್ಬಿಣದ ಕಂಬಕ್ಕೆ ಕೊಟ್ಟುಬಿಡಲೇ? ಇಷ್ಟೇ ನನ್ನ ಸಂಕಟ. ಒಂದು ನಿಮಿಷ, ನೀರು ಕುಡಿಯುತ್ತೇನೆ.

ಹೋದ ತಿಂಗಳು ಒಂದು ಬೆಳಿಗ್ಗೆ ಡಾಕ್ಟರ ಮಾತು ನಿಜವಾಯಿತು. ಅವಳ ಡ್ಯೂಟಿ ಶುರುವಾಗುವ ಹೊತ್ತು, ಹೆಡ್‌ಫೋನ್ ಹಾಕಿಕೊಂಡೇ ಇದ್ದಳು. ನಾನು ಎತ್ತಿದೆ, ಕುರ್ಚಿಯ ಕಡೆ ಅರ್ಧ ತಿರುಗಿದೆ, ಸೊಂಟದಲ್ಲಿ ಏನೋ ಛಳಕ್ ಎಂದಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಹೇಗೋ ಅವಳನ್ನು ತಬ್ಬಿಕೊಂಡೇ ಹಾಸಿಗೆಯ ಅಂಚಿಗೆ ಕುಸಿದು ಕೂತೆ. ಕೈ ಬಿಟ್ಟರೆ ಅವಳು ಜಾರಿ ನೆಲಕ್ಕೆ ಬೀಳುತ್ತಾಳೆ. ಏಳೋಣವೆಂದರೆ ಆಗದು. ಅಷ್ಟರಲ್ಲಿ ಯಾರೋ ಡ್ರೈವರ್ ಅವಳ ಲೈನಿಗೆ ಬಂದ. ಇವಳು ನನ್ನ ಹೆಗಲ ಮೇಲೆ ಗಲ್ಲ ಇಟ್ಟುಕೊಂಡೇ, ಸ್ವಲ್ಪವೂ ಗಾಬರಿಯಿಲ್ಲದೆ ಹೇಳಿದಳು:

"ಲೈಬ್ರರಿ ಹಿಂದೆ ಒಂದು ಹಾಲ್ ಇದೆ. ಅಲ್ಲಿ ಒಂದಷ್ಟು ಅಮ್ಮಂದಿರು ಕೂತು ಎದ್ದು ಮಾಡ್ತಿರ್ತಾರೆ. ಎಷ್ಟು ಜನ ಹಿಡೀತಾರೋ ಅಷ್ಟು ಜನರನ್ನ ತುಂಬ್ಕೊಂಡು ನಮ್ಮನೆಗೆ ಬಾ. ಹಿಟ್ಟಿನ ಆಂಟಿ ಮನೆ ಅನ್ನು, ಬರ್ತಾರೆ."

ಟ್ಯಾಕ್ಸಿ ಬರುವವರೆಗೆ ನಾವಿಬ್ಬರೂ ಹಾಗೇ ಕೂತಿದ್ದೆವು. ನನಗೆ ನೋವಿಗೆ ಕಣ್ಣೀರು. ಸ್ವಲ್ಪ ಹೊತ್ತಾದ ಮೇಲೆ ಅವಳು ನನ್ನ ಕಿವಿಯ ಹತ್ತಿರ ಹೇಳಿದಳು, "ಅಮ್ಮಾ, ಚೆನ್ನಾಗಿದೆ."

"ಏನೇ ಚೆನ್ನಾಗಿರೋದು? ಪ್ರಾಣ ಹೋಗ್ತಿದೆ ನಂಗೆ!"

"ಅಲ್ಲ, ನೀನು ದಿನಾ ನನ್ನ ಹಿಡ್ಕೊಳ್ತೀಯ, ತಬ್ಕೊಳ್ಳಲ್ಲ. ಬಿಗಿಯಾಗಿ ಹಿಡ್ಕೊಂಡು, ಉಸಿರು ಕಟ್ಟಿ, ಬೀಳಿಸಿಬಿಡ್ತೀನೇನೋ ಅಂತ ಹಲ್ಲು ಕಚ್ಚಿರ್ತೀಯ. ಸುಮ್ನೆ ಕೂತು ತಬ್ಕೊಂಡಿರೋದು ನಾನು ದೊಡ್ಡವಳಾದ ಮೇಲೆ ಇದೇ ಮೊದಲು."

ಕೌಂಟರಿನಲ್ಲಿ ನನ್ನ ಬಾಯಿ ಮುಚ್ಚಿಸಿದವರಿರಲಿಲ್ಲ. ಇವಳು ಮುಚ್ಚಿಸಿದಳು. ನಾನು ದಿನವೂ ಅಪ್ಪುಗೆ ಎಂದುಕೊಂಡು ಕಾಯುತ್ತಿದ್ದದ್ದು ಅವಳಿಗೆ ಬರೀ ಬಿಗಿಹಿಡಿತವಾಗಿತ್ತು.

ಪುಣ್ಯಕ್ಕೆ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅವಳಿಗಳ ತಾಯಿ, ನಮ್ಮ ಗುಂಪಿನಲ್ಲೇ ಇರುವ ಹಲ್ಲಿನ ಡಾಕ್ಟರಮ್ಮ, ಕೋಚ್ ಮೇಡಂ, ಇನ್ನೂ ಇಬ್ಬರು, ಮಕ್ಕಳ ಸಮೇತ ನುಗ್ಗಿದರು. ಮಕ್ಕಳನ್ನೆಲ್ಲ ಹಾಸಿಗೆಯ ಮೇಲೆ ಸಾಲಾಗಿ ಮಲಗಿಸಿದರು. ಮೇಡಂ, "ಮಂಡಿ ಬಗ್ಗಿಸಿ, ಬೆನ್ನು ನೇರ, ಉಸಿರು ಬಿಡ್ತಾ ಎತ್ತಿ" ಎಂದು ಹಾಲಿನಲ್ಲಿ ಹೇಳಿದ ಹಾಗೆಯೇ ಹೇಳಿದರು. ಎಲ್ಲರೂ ಕೈ ಹಾಕಿದಾಗ ನನ್ನ ಮಗಳು, "ತಡೀರಿ, ನಾನಿನ್ನೂ ಹೂಂ ಅಂದಿಲ್ಲ" ಅಂದಳು. ನೀವು ತಡೆದಿರಿ. ಆಮೇಲೆ ಎತ್ತಿದಿರಿ, ಹೂವಿನ ಹಾಗೆ. ಆ ಡ್ರೈವರ್ ಬಾಗಿಲಲ್ಲೇ ನಿಂತು, "ಮೇಡಂ, ಇವರನ್ನ ಡ್ರಾಪ್ ಎಲ್ಲಿಗೆ?" ಅಂತ ಕೇಳುತ್ತಿದ್ದ.

ಅಂದು ಸಂಜೆ ನಾನೇ ಆಸ್ಪತ್ರೆಗೆ ಫೋನ್ ಮಾಡಿ, ವಿಳಾಸ ಇದೇ, ಯಂತ್ರ ತನ್ನಿ ಅಂದೆ. ಅಂದಿನಿಂದ ಇಂದಿನವರೆಗೆ ಬೆಳಿಗ್ಗೆ ರಾತ್ರಿ ನೀವೇ ಸರದಿಯ ಮೇಲೆ ಬಂದು ಎತ್ತಿದ್ದೀರಿ. ಸೋಮವಾರ ಯಂತ್ರ ಬರುತ್ತದೆ. ಹಾಗಾದರೆ ಈ ಫಲಕ? ಯೋಚಿಸಿದೆ. ಒಯ್ಯುತ್ತೇನೆ, ಆದರೆ ಆ ಯಂತ್ರದ ಕೊರಳಿಗೆ ತೂಗುಹಾಕುತ್ತೇನೆ. ಇನ್ನು ಮೇಲೆ ಬಲಿಷ್ಠ ಅದೇ. ತಾಯಿ ನಾನು.

ಇನ್ನು ಎತ್ತುವ ಕೆಲಸವಿಲ್ಲದ ಮೇಲೆ ಈ ಗುಂಪಿಗೆ ನಾನೇಕೆ ಬರಬೇಕು? ಬರುತ್ತೇನೆ. ಡಾಕ್ಟರು ಒಪ್ಪಿದಷ್ಟು ಕೈಕಾಲು ಆಡಿಸುತ್ತೇನೆ. ಹಿಟ್ಟಿನ ಚೀಲವನ್ನು ವಾಪಸ್ ತಂದಿದ್ದೇನೆ, ಮೇಡಂ ತೆಗೆದುಕೊಳ್ಳಬೇಕು. ಕೊನೆಯ ಹತ್ತು ನಿಮಿಷಕ್ಕೆ ಮಾತ್ರ ನನ್ನದೊಂದು ಬೇಡಿಕೆ ಇದೆ. ನನಗೆ ಎರಡು ಚಾಪೆ ಬೇಕು, ಒಂದರ ಪಕ್ಕ ಒಂದು. ನಿಮ್ಮಲ್ಲಿ ನಾಲ್ಕು ಜನ ಇವಳನ್ನು ಕುರ್ಚಿಯಿಂದ ಇಳಿಸಿ ನನ್ನ ಪಕ್ಕದಲ್ಲಿ ಮಲಗಿಸಬೇಕು. ನಲವತ್ತೆಂಟು ಕಿಲೋ ಎದೆಯ ಮೇಲೆ ಹಿಡಿಸುವುದಿಲ್ಲ, ತಲೆಯಷ್ಟು ನನ್ನ ತೋಳಿನ ಮೇಲಿದ್ದರೆ ಸಾಕು.

ಈ ಹಾಲ್ ಬಿಟ್ಟುಕೊಟ್ಟಿರುವ ಸಂಘಕ್ಕೆ, ನಿಜ ಹೇಳಿದ ಡಾಕ್ಟರಿಗೆ, ಆಂಟಿಯನ್ನು ಒಳಗೆ ಬಿಟ್ಟ ಕೋಚ್ ಮೇಡಂಗೆ, ತಮ್ಮ ಮಕ್ಕಳನ್ನು ಬದಿಗಿಟ್ಟು ನನ್ನ ಮಗಳನ್ನು ಎತ್ತಿದ ತಾಯಂದಿರಿಗೆ, ಹೊರಗೆ ನಮಗಾಗಿ ಕಾಯುತ್ತಿರುವ ಅದೇ ಡ್ರೈವರಿಗೆ ನಾನು ಋಣಿ. ಐದು ನಿಮಿಷ ಅಂದಿದ್ದಿರಿ, ಮೀರಿದ್ದೇನೆ. ಕೌಂಟರ್ ಮುಚ್ಚುತ್ತೇನೆ.

ಅಯ್ಯೋ, ಒಂದು ಮರೆತೆ. ಚಾಪೆಯ ವಿಷಯ ನಿಮ್ಮನ್ನೆಲ್ಲ ಕೇಳಿದೆ, ಅವಳನ್ನೇ ಕೇಳಲಿಲ್ಲ. ಏನೇ, ಬರ್ತೀಯಾ? ಸುಮ್ನೆ ಮಲಗೋದು ಅಷ್ಟೇ, ಏನೂ ಮಾಡೋದಿಲ್ಲ. ಇಷ್ಟು ಜನರ ಮುಂದೆ ಕೇಳ್ತಿದ್ದೀನಿ, ಬೇಡ ಅಂದ್ರೂ ಪರವಾಗಿಲ್ಲ.

ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲವೇನೋ, ನಾನೇ ಹೇಳುತ್ತೇನೆ. "ಹೂಂ" ಅಂದಳು.

ಎಲ್ಲರಿಗೂ ನಮಸ್ಕಾರ.