ಬೇಳೆ ಬೇಯುವಷ್ಟು ಹೊತ್ತು

...ಹಸಿವಿಲ್ಲ ಅಂತ ಮತ್ತೆ ಶುರು ಮಾಡಬೇಡ. ಇವತ್ತು ಆ ಮಾತು ನಡೆಯಲ್ಲ. ಕೂತ್ಕೋ. ಇಡೀ ದಿನ ಲಾಂಡ್ರಿಯಲ್ಲಿ ನಿಂತ್ಕೊಂಡು ಇಸ್ತ್ರಿ ಮಾಡಿ ಬಂದವಳಿಗೆ ಹಸಿವಿಲ್ಲ ಅಂದ್ರೆ ಯಾವ ಗಂಡ ನಂಬ್ತಾನೆ? ನಾನೇನು ಕಿವಿ ಮೇಲೆ ಹೂ ಇಟ್ಕೊಂಡಿದ್ದೀನಾ?

ಬೇಳೆ ಒಲೆ ಮೇಲಿದೆ ನೋಡು. ಕೆಂಪು ಬೇಳೆ. ಇದನ್ನ ನೆನೆಸೋದು ಬೇಡ, ಕಾಯೋದು ಬೇಡ, ನೀನು ಕೈಕಾಲು ತೊಳೆದು ಬರೋದ್ರೊಳಗೆ ಬೆಂದು ಮೆತ್ತಗಾಗಿರುತ್ತೆ. ಮಧ್ಯಾಹ್ನದ ಅನ್ನ ಇದೆ. ಒಂದು ಈರುಳ್ಳಿ, ಒಂದಿಷ್ಟು ಬೆಳ್ಳುಳ್ಳಿ, ಚಿಟಿಕೆ ಜೀರಿಗೆ... ಮುಗೀತು. ಅಂಗಡಿ ಮೆಟ್ಟಿಲು ಹತ್ತಿಲ್ಲ ನಾನು. ಮನೆ ಡಬ್ಬದಲ್ಲಿ ಇದ್ದದ್ದರಲ್ಲೇ ರಾತ್ರಿ ಊಟ. ಹಿಡಿ ಬೇಳೆ ಕೊಟ್ಟು ಅಡಿಗೆ ಮಾಡು ಅಂದ್ರೆ ಮಾಡೋನೇ ಅಡಿಗೆಯವನು. ಬಾದಾಮಿ, ಬೆಣ್ಣೆ ಎಲ್ಲಾ ಕೊಟ್ರೆ ಯಾರು ಬೇಕಾದ್ರೂ ಮಾಡ್ತಾರೆ.

ಯಾಕೆ ನಗ್ತೀಯ?

ನಗ್ಲಿಲ್ಲವಾ? ಸರಿ, ತುಟಿ ಸುಮ್ನೆ ಕುಣೀತು ಅಂತ ಇಟ್ಕೊಳ್ಳೋಣ.

ಡಬ್ಬದ ಮಾತು ಬಂತಲ್ಲ, ಕೇಳೇಬಿಡ್ತೀನಿ. ಗೋಧಿ ಹಿಟ್ಟು ಎಲ್ಲಿ ಹೋಯ್ತು? ಡಬ್ಬ ತೊಳೆದು ಬೋರಲು ಹಾಕಿದ್ದೀಯ, ಅದು ಕಾಣುತ್ತೆ. ಒಳಗಿದ್ದ ಹಿಟ್ಟು? ಅರ್ಧ ಬಾಟಲಿ ಎಣ್ಣೆ ಇತ್ತು, ಅದು? ಸಿಂಕಿನಲ್ಲಿ ಜಿಡ್ಡು ನಾನು ನೋಡಿದೆ ಕಣೆ. ಒಳ್ಳೆ ಎಣ್ಣೆ, ಚೆಲ್ಲೋಕೆ ಮನಸ್ಸಾದ್ರೂ ಹೇಗೆ ಬಂತು? ನಾನು ಕ್ಯಾಂಟೀನಿಗೆ ರಜ ಹಾಕಿ ಮನೆಯಲ್ಲಿ ಕೂತಿದ್ದೀನಿ ನಿಜ. ಕಣ್ಣಿಗೇನೂ ರಜ ಕೊಟ್ಟಿಲ್ಲ.

ಏನು? ರಜ ಯಾವಾಗ ಮುಗಿಯುತ್ತೆ ಅಂತಾನಾ? ಮುಗಿದಾಗ ಮುಗಿಯುತ್ತೆ. ಮ್ಯಾನೇಜರೇ ಹೇಳಿದ್ದು, ಜ್ವರದಿಂದ ಎದ್ದಿದ್ದೀಯ, ಆರಾಮಾಗಿ ಬಾ ಅಂತ. ಈಗ ಮಾತು ತಿರುಗಿಸಬೇಡ. ಕೇಳ್ತಾ ಇರೋನು ನಾನು.

ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ. ಊಟ ಬಿಟ್ಟವಳಿಗೆ? ಎಷ್ಟು ದಿನದಿಂದ ನೋಡ್ತಿದ್ದೀನಿ, ಎರಡು ತುತ್ತು, ಸಾಕು ಅಂತೀಯ. ತಟ್ಟೆ ತೊಳಿತೀನಿ ಅಂತ ನೀನೇ ಎದ್ದು ಹೋಗ್ತೀಯ. ಹಿತ್ತಲ ಬೆಕ್ಕು ಮಾತ್ರ ಯಾಕಪ್ಪಾ ಹೀಗೆ ಉಬ್ತಿದೆ ಅಂದ್ಕೊಂಡಿದ್ದೆ. ಮೊದಲೆಲ್ಲ ಪಾತ್ರೆ ಒರೆಸಿ ತಿನ್ನೋಳು ನೀನು. ಮದುವೆಯಾದ ಹೊಸದರಲ್ಲಿ ನಿಮ್ಮಣ್ಣ ಏನಂದಿದ್ದ? ಇವಳು ನಿನ್ನನ್ನ ಮದುವೆಯಾಗಿಲ್ಲ ಭಾವ, ನಿನ್ನ ಸೌಟನ್ನ ಮದುವೆಯಾಗಿದ್ದಾಳೆ ಅಂದಿದ್ದ. ಈಗ ಆ ಸೌಟು ಬೇಡವಾಗಿದೆ.

ಮತ್ತೆ ಬನ್ನು?

ಹಾಂ, ಈಗ ತಲೆ ಎತ್ತಿದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ. ಕೋಟು ಒಗೆಯೋಕೆ ಹಾಕುವಾಗ ಜೇಬಲ್ಲಿ ಬೇಕರಿ ಕಾಗದ ಸಿಕ್ತು. ಒಂದು ಸಲ ಅಲ್ಲ. ದಿನಾ ಬರೋ ದಾರಿಯಲ್ಲಿ ತಿಂದು, ಬಾಯಿ ಒರೆಸ್ಕೊಂಡು, ಮನೆಗೆ ಬಂದು ಹಸಿವಿಲ್ಲ ಅಂತೀಯ. ಒಬ್ಬಳೇ ನಿಂತು ತಿಂತೀಯಾ? ಅಥವಾ ಲಾಂಡ್ರಿ ವ್ಯಾನಿನ ಡ್ರೈವರು ಕೂರಿಸಿ ತಿನ್ನಿಸ್ತಾನಾ? ಮೂಲೆವರೆಗೂ ಬಿಟ್ಟು ಹೋಗ್ತಾನಲ್ಲ, ಅವನು. ಹಿಟ್ಟು ಅವನ ಮನೆ ಸೇರ್ತಿದೆಯೋ ಏನೋ, ಯಾರು ಕಂಡ್ರು. ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಲೋಕಕ್ಕೇ ಕತ್ತಲಾಗುತ್ತಾ?

ಇರು, ಉರಿ ಸಣ್ಣ ಮಾಡಿದ್ದೀನಿ, ಅದರ ಪಾಡಿಗೆ ಬೇಯ್ಲಿ. ಗೊಟ್ ಗೊಟ್ ಅಂತಿದೆ, ಕೇಳಿಸ್ತಾ? ಒಳ್ಳೆ ಸದ್ದು. ಆಮೇಲೆ ನೀನೇ ಉಪ್ಪು ನೋಡು.

ಯಾಕೆ ಹಾಗೆ ನೋಡ್ತೀಯ? ಉಪ್ಪು ನೋಡು ಅಂದ್ರೆ ತಪ್ಪಾ? ಹೌದು, ಮೊದಲು ನಾನು ಯಾರನ್ನೂ ಕೇಳ್ತಿರಲಿಲ್ಲ. ಮೊದಲು ಬೇರೆ. ಈಗ ಹೆಂಡತಿಗೆ ಒಂದು ಮರ್ಯಾದೆ ಅಂತ ಕೇಳ್ತೀನಿ.

ಕೋಟು ತೆಗಿ ಮೊದಲು. ತೆಗೆಯಲ್ವಾ? ಬಂದಾಗಿನಿಂದ ಒಂದು ಕೈ ಒಳಗೇ ಇಟ್ಕೊಂಡಿದ್ದೀಯ. ಏನಿದೆ ಒಳಗೆ? ಸರಿ, ಹೇಳಬೇಡ. ನಂಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೀಯ. ಬೀದಿ ತುದಿಯಲ್ಲಿ ನಿಂತು ಯಾರ ಮನೆಯಲ್ಲಿ ಏನು ಬೇಯ್ತಿದೆ ಅಂತ ಹೇಳ್ತಿದ್ದೋನು ನಾನು. ಈಗಲೂ ಹೇಳ್ತೀನಿ ಕೇಳು. ನಿನ್ನ ಕೋಟಿಂದ ಹುರಿದ ಈರುಳ್ಳಿ ವಾಸನೆ ಬರ್ತಿದೆ. ನೀನು ಬಾಗಿಲು ತೆಗೆದಾಗಲೇ ಬಂತು. ಅವನ ಜೊತೆ ಎಲ್ಲೋ ಕೂತು ಬಿಸಿ ಬಿಸಿಯಾಗಿ ತಿಂದು ಬಂದಿದ್ದೀಯ.



ಏನಂದೆ? ಬೇರೆ ಏನಾದ್ರೂ ವಾಸನೆ ಬರ್ತಿದೆಯಾ ಅಂತಾನಾ? ಬರ್ತಿದೆ. ಬೇಳೇದು. ಜೀರಿಗೇದು. ಇನ್ನೇನು ಬರಬೇಕು ಅಡಿಗೆಮನೆಯಲ್ಲಿ?

ಇಷ್ಟೇನಾ ಅಂದ್ರೆ ಇಷ್ಟೇ. ಯಾಕೆ ಕೇಳ್ತಿದ್ದೀಯ? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ. ಹೇಳೋದಿದ್ರೆ ಬಿಡಿಸಿ ಹೇಳು.

ಎಲ್ಲಿಗೆ ಎದ್ದೆ? ಕಿಟಕಿ ಯಾಕೆ ತೆಗಿತೀಯ ಈ ಚಳಿಯಲ್ಲಿ? ವ್ಯಾನ್ ಇನ್ನೂ ಮೂಲೆಯಲ್ಲೇ ನಿಂತಿದೆಯಾ? ಜರುಗು, ನಾನೂ ನೋಡ್ತೀನಿ... ಯಾರೂ ಇಲ್ಲ. ಹೊರಟು ಹೋಗಿರಬೇಕು. ನೋಡು, ಮೇಲಿನ ಮನೆ ಟೀಚರಮ್ಮ ನಮ್ಮ ಕಡೆನೇ ಬಗ್ಗಿ ನೋಡಿ ಕಿಟಕಿ ಧಡಾರ್ ಅಂತ ಹಾಕ್ಕೊಂಡ್ರು. ಊರಿಗೆಲ್ಲಾ ಗೊತ್ತಾಗಿದೆ, ಗಂಡನಿಗೊಬ್ಬನಿಗೆ ಗೊತ್ತಿಲ್ಲ ಅಲ್ವಾ?

ಕರವಸ್ತ್ರ ಯಾಕೆ ಮುಖಕ್ಕೆ? ಅಳ್ತಿದ್ದೀಯಾ? ಕಣ್ಣಲ್ಲಿ ನೀರು ಬರ್ತಿದೆ ನಿಂಗೆ. ಅಳು. ಮಾಡಿದ್ದು ನೆನೆಸ್ಕೊಂಡು ಅಳು. ನಾನು ಕೈ ಎತ್ತೋನಲ್ಲ, ಕೂಗಾಡೋನೂ ಅಲ್ಲ. ನಂಗೆ ಒಂದೇ ಭಯ ಕಣೆ... ಬಾಯಿ ಬಿಟ್ಟು ಹೇಳ್ತೀನಿ. ನಾನು ಮಾಡಿದ್ದನ್ನ ನೀನು ತಿನ್ನದೆ ಹೋದ್ರೆ, ಈ ಮನೆಯಲ್ಲಿ ನಾನು ಏನಕ್ಕೆ? ಇರೋದೊಂದೇ ವಿದ್ಯೆ ನನ್ನ ಹತ್ತಿರ.

ಸರಿ, ಸಾಕು. ಬಾ, ತಟ್ಟೆ ತಗೋ. ಮುಚ್ಚಳ ತೆಗಿತೀನಿ. ನೋಡು, ಮೇಲೆ ಹಳದಿಗೆ ತಿರುಗಿ ಎಷ್ಟು ಚೆನ್ನಾಗಿ... ಒಂದು ಸಲ ತಿರುವಿ ಬಡಿಸ್ತೀನಿ. ಬೆಳ್ಳುಳ್ಳಿ ತಳದಲ್ಲಿ... ಇದೇನಿದು, ಸೌಟು ಏಳ್ತಿಲ್ಲ...

ಕಪ್ಪು.

ಇಷ್ಟೊಂದು... ಕರಕಲು. ತಳ ಪೂರ್ತಿ ಸೀದಿದೆ.

ಯಾವಾಗಿನಿಂದ? ನೀನು ಬಂದಾಗಲೇ ಸೀಯ್ತಿತ್ತಾ? ಅದಕ್ಕೇನಾ ಕಿಟಕಿ? ಅದಕ್ಕೇನಾ ಕರವಸ್ತ್ರ?

ಹೇಳಬಾರದಿತ್ತಾ? ಒಲೆ ಆರಿಸು ಅಂತ ಒಂದು ಮಾತು? ಎದುರಿಗೆ ಕೂತು ಸುಮ್ಮನೆ ನನ್ನ ಮುಖ ನೋಡ್ತಿದ್ದೆಯಲ್ಲ... ಯಾಕೆ?

...ಹೂಂ. ಹೇಳಿದ್ರೆ ನಾನು ಒಪ್ತಿರಲಿಲ್ಲ. ನಂಗೆ ಗೊತ್ತಿತ್ತು, ನಾನೇ ಬೇಕಂತಲೇ ಸೀಯಿಸಿದೆ ಅಂತ ವಾದ ಮಾಡ್ತಿದ್ದೆ.

ಎಣ್ಣೆ ಕಮಟು ಹಿಡಿದಿತ್ತಾ? ಹಿಟ್ಟು ಮುಗ್ಗಿತ್ತಾ? ನಾನು ಅದರಲ್ಲೇ ಮಾಡಿ ಬಡಿಸಿದೆ, ನೀನು ಅದನ್ನೇ... ಆಗದೆ ಹೋದಾಗ ಬನ್ನು. ಅಯ್ಯೋ. ನಂಗೂ ರುಚಿ ಗೊತ್ತಾಗ್ತಿದ್ರೆ ತಾನೇ. ಬೆಚ್ಚಗಿದೆ, ಮೆತ್ತಗಿದೆ, ಅಷ್ಟೇ ಗೊತ್ತಾಗೋದು. ನಾನು ತಿಂತಿದ್ದೀನಲ್ಲ, ಇವಳಿಗೇನು ಧಿಮಾಕು ಅಂದ್ಕೊಂಡೆ.

ಹಾಗೆ ನೋಡಬೇಡ. ಬೈಯಿ ಬೇಕಾದ್ರೆ.

ರಜ ಅಲ್ಲ ಕಣೆ ಅದು. ಜ್ವರದ ಜೊತೆ ವಾಸನೆ ಹಿಡಿಯೋ ಮೂಗೂ ಹೋಯ್ತು. ಬರುತ್ತೆ, ನಾಳೆ ಬರುತ್ತೆ ಅಂತ ಯಾರಿಗೂ ಹೇಳಲಿಲ್ಲ. ಹಿಂದಿನ ದಿನದ ಬೇಳೆ ಹಳಸಿತ್ತಂತೆ. ಅದನ್ನೇ ಕುದಿಸಿ ಇಡೀ ಶಿಫ್ಟಿಗೆ ಬಡಿಸಿದೆ. ಒಬ್ಬ ಬಾಯಿಗಿಡೋಕೆ ಮೊದಲೇ ತಟ್ಟೆ ಪಕ್ಕಕ್ಕೆ ತಳ್ಳಿದ. ಊಟದ ಬೆಲೆ ಗೊತ್ತಿಲ್ಲದವನೇ ಅಂತ ನಾನು ಅವನಿಗೇ ಬೈದೆ. ಮ್ಯಾನೇಜರು ಕೂಗಾಡಲಿಲ್ಲ. ಏಪ್ರನ್ ಬಿಚ್ಚಿಟ್ಟು ಹೋಗು ಅಂದ, ಅಷ್ಟೇ.

ಗೊತ್ತಿತ್ತಾ? ಅದೂ ಗೊತ್ತಿತ್ತಾ ನಿಂಗೆ?

...ಏನು ತೆಗಿತಿದ್ದೀಯ ಕೋಟಿಂದ? ಕಾಗದದ ಪೊಟ್ಟಣ. ಬೇಕರಿದು. ಬಿಸಿಯಾಗಿದೆ ಇನ್ನೂ.

ಬನ್ನು. ಎರಡಿವೆ.

ಎರಡು ತಂದಿದ್ದೀಯ ಇವತ್ತು.

ನೀನು ಎದುರಿಗೇ ಇಟ್ಕೊಂಡು ಕೂತಿದ್ದೆ. ನಾನು ಮೂಗಿಗೆ ಬಾರದ ವಾಸನೇನ ಈರುಳ್ಳಿ, ಈರುಳ್ಳಿ ಅಂತ... ಬೇಡ, ಬಿಡು. ಕೊಡು ಇಲ್ಲಿ. ನೀನೂ ತಿನ್ನು, ನನ್ನೆದುರಿಗೇ ತಿನ್ನು. ಕಿಟಕಿ ತೆಗೆದೇ ಇರಲಿ.

ಹೇಳು ಈಗ... ಹೇಗಿದೆ ಇದರ ವಾಸನೆ?