ಚೀಲದ ಬಾಯಿ ಹಿಡಿದವಳು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ. ಹೇಳಬೇಕಾದ್ದಕ್ಕಿಂತ ಹೆಚ್ಚೇ ಹೇಳಿ ಕೆಡಿಸುತ್ತೇನೆ. ಆದರೆ ಇದು ಕಟ್ಟಿದ್ದಲ್ಲ. ಸಿಡ್ನಿಯ ಹ್ಯಾರಿಸ್ ಪಾರ್ಕ್ ಅನ್ನುವ ಬಡಾವಣೆಯಲ್ಲಿ ನನ್ನ ಚಿಕ್ಕಮ್ಮನ ಮಗ ಸಂಜುಗೆ ಆದದ್ದು.

ಜೂನ್ ತಿಂಗಳು. ಇಲ್ಲಿ ಅದು ಚಳಿಗಾಲ, ಐದೂವರೆಗೆಲ್ಲ ಗವ್ವೆನ್ನುವ ಕತ್ತಲು. ರಾತ್ರಿ ಒಂಬತ್ತರ ಹೊತ್ತಿಗೆ ಬಿರುಗಾಳಿ, ಕಾಲುವೆ ಉಕ್ಕಬಹುದು ಎಂದು ಫೋನಿಗೆ ಎಚ್ಚರಿಕೆ ಬಂದಿತ್ತು. ಸಂಜುವಿನ ಮನೆ ನೆಲಮಹಡಿ, ಹಿಂದೆಯೇ ಕಾಲುವೆ. ಒಳಗೆ ತಾಯಿ ಗೌರಕ್ಕ. ಧಾರವಾಡದಿಂದ ಮೂರು ತಿಂಗಳಿಗೆಂದು ಬಂದಾಕೆ ಜಾರಿಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ನೀರು ಒಳಗೆ ಬಂದರೆ ಆಕೆ ಮಂಚದಿಂದ ಇಳಿಯುವಂತಿಲ್ಲ. ಬೇರೆ ಕಡೆ ಕರೆದೊಯ್ಯಬಹುದಿತ್ತಲ್ಲ ಅನ್ನುತ್ತೀರಿ. ಆಕೆ ಒಪ್ಪಲಿಲ್ಲ.

ಬಾಗಿಲಿಗೆ ಅಡ್ಡ ಇಟ್ಟು ನೀರು ತಡೆಯಲೆಂದು ಕೌನ್ಸಿಲ್‌ನವರು, ಅಂದರೆ ಇಲ್ಲಿಯ ನಗರಸಭೆಯವರು, ಹತ್ತಿರದ ಉದ್ಯಾನದ ದೊಡ್ಡ ಮರದ ಕೆಳಗೆ ಮರಳು ಸುರಿಸಿ, ಖಾಲಿ ಚೀಲ ಇಟ್ಟಿದ್ದರು. ಮರ ನಮ್ಮ ಆಲದ ಜಾತಿಯದೇ, ಬಿಳಲೂ ಇವೆ. ಚೀಲ ನಾವೇ ತುಂಬಿಕೊಳ್ಳಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಬಾಯಿ ಅಗಲಿಸಿ ಹಿಡಿಯಬೇಕು, ಇನ್ನೊಬ್ಬರು ಸಲಿಕೆಯಲ್ಲಿ ತುಂಬಬೇಕು. ಸಂಜು ಒಬ್ಬನೇ ಇದ್ದ. ಉಳಿದವರೆಲ್ಲ ತುಂಬಿಕೊಂಡು ಹೋಗಿಯಾಗಿತ್ತು.

ಸಲಿಕೆ ಮರಳಿಗೆ ಇಳಿಯಿತು... ಖರ್‍ರ್. ಚೀಲ ಮುದುಡಿಕೊಂಡಿತು.

"ಹಿಡೀಲೇನ್ರೀ?"

ನಮ್ಮ ಕಡೆಯ ಮಾತು! ತಿರುಗಿದರೆ ಸೀರೆಯ ಮೇಲೆ ಜಾಕೆಟ್ ಹಾಕಿದ ಹೆಂಗಸು. ಬಗ್ಗಿ ಚೀಲದ ಬಾಯಿ ಹಿಡಿದಳು. ಖರ್‍ರ್... ಧಪ್. ಖರ್‍ರ್... ಧಪ್. ಹತ್ತು ಚೀಲ. ಆಕೆ ಒಮ್ಮೆಯೂ ಸೊಂಟ ನೆಟ್ಟಗೆ ಮಾಡಲಿಲ್ಲ.

ಕಾರಿಗೆ ಹೇರಿ, ಸಂಜು ರೂಢಿಯಂತೆ ಕೈಮುಗಿದ. "ಬರ್ತೀನ್ರೀ ಅಕ್ಕಾರ."

"ಯಾವಾಗ?"

"ಏನ್ರೀ?"

"ಯಾವಾಗ ಬರ್ತೀರಿ?"

ಸಂಜು ನಕ್ಕ. ಆಕೆಯ ಚೀಲಗಳನ್ನೂ ತುಂಬಿಕೊಡಬೇಕೇನೋ ಅಂದುಕೊಂಡ. "ಇವನ್ನ ಇಳಿಸಿದ ಕೂಡಲೇ ಬಂದೆ!"

ನಾವು ಹೋಗುವಾಗ 'ಹೋಗ್ತೀನಿ' ಅನ್ನುವುದಿಲ್ಲ, 'ಬರ್ತೀನಿ' ಅನ್ನುತ್ತೇವೆ. ನಿಮಗೆ ಗೊತ್ತಿರುವುದೇ. ಆದರೂ ಹೇಳಿಬಿಟ್ಟೆ, ಯಾಕೆಂದರೆ ಎಡವಟ್ಟಾದದ್ದು ಅಲ್ಲೇ.

ಹಿಂಬಾಗಿಲ ಹೊರಗೆ ಚೀಲಗಳನ್ನು ಒತ್ತಾಗಿ ಪೇರಿಸಿ, ಮುಂಬಾಗಿಲಿಂದ ಒಳಬಂದು ಸಂಜು ಮತ್ತೆ ಕಾರಿನ ಕೀಲಿ ತೆಗೆದುಕೊಂಡ. ಎಲ್ಲಿಗೆ ಎಂದು ಕೇಳಿದ ಗೌರಕ್ಕನಿಗೆ ನಡೆದದ್ದೆಲ್ಲ ಹೇಳಿದ.

"ಆಕಿ ಮನಿ ಎಲ್ಲೈತಂತ?"

"ಹೇಳ್ಲಿಲ್ಲವ್ವ."

"ಮನಿ ಹೇಳದಾಕಿ ಯಾವಾಗ ಬರ್ತಿ ಅಂತ ಕೇಳ್ತಾಳೇನೋ, ಹುಚ್ಚಪ್ಪ?" ಮಗನ ಮುಂಗೈ ಹಿಡಿದುಕೊಂಡಳು. "ಕುಂದರಿಲ್ಲಿ."

ಒಂಬತ್ತಕ್ಕೆ ಗಾಳಿ ಎದ್ದಿತು. ಪಕ್ಕದ ಮನೆಯ ತಗಡು ಪಟಾರ್ ಎಂದು ಹಾರಿತು. ಕರೆಂಟ್ ಹೋಯಿತು. ಹಿಂದಿನಂಗಳದಲ್ಲಿ ನೀರು ಗುಳುಗುಳು ಎನ್ನತೊಡಗಿತು. ಆಮೇಲೆ ಹಿಂಬಾಗಿಲಿಗೆ... ಪಚ್... ಪಚ್... ಒದ್ದೆ ಬಟ್ಟೆ ಬಡಿದಂತೆ.

"ಬರ್ತೀನಿ ಅಂದಿದ್ರಲ್ರೀ..."

ಪಿಸುಮಾತು. ಅಷ್ಟು ಗಾಳಿಯಲ್ಲೂ ಕಿವಿಯ ಪಕ್ಕದಲ್ಲೇ.

ಸಂಜು ಎದ್ದು ನಡೆದ. ಯಾಕೆ ಎದ್ದೆನೆಂದು ಅವನಿಗೇ ತಿಳಿಯದು. ಕೈ ಚಿಲಕದ ಮೇಲಿತ್ತು. ತೆರೆದಿದ್ದರೆ ಅವನು ಹೊರಗೆ, ನೀರು ಒಳಗೆ.

"ಸಂಜ್ಯಾ!" ಗೌರಕ್ಕ ಮಂಚದಿಂದ ಚೀರಿದಳು. "ಹೋಗ್ತೀನಿ ಅನ್ನು!"

ಆ ಮಾತು ಬಾಯಿಗೆ ಬಂದರೆ ಚಿಕ್ಕಂದಿನಲ್ಲಿ ತಲೆಗೆ ಮೊಟಕುತ್ತಿದ್ದ ತಾಯಿ! ಸಂಜುವಿನ ನಾಲಿಗೆ ಹೊರಳಲಿಲ್ಲ.

"ಅನ್ನೋ!"

"ನಾ... ನಾ ಹೋಗ್ತೀನ್ರೀ. ಬರಂಗಿಲ್ಲ."

ಬಡಿತ ನಿಂತಿತು. ಬಾಗಿಲಾಚೆಯಿಂದ ಅದೇ ಪಿಸುಮಾತು... "ಹೂಂ. ಹೋಗ್ರಿ."

ಅಷ್ಟೇ. ಮನೆಯೊಳಗೆ ಒಂದು ಹನಿ ನೀರು ಬರಲಿಲ್ಲ.

ಬೆಳಗ್ಗೆಯೂ ಗಾಳಿ ನಿಂತಿರಲಿಲ್ಲ. ಬೇಲಿ ಅಡ್ಡ ಮಲಗಿತ್ತು. ಹತ್ತೂ ಚೀಲ ಇಟ್ಟಲ್ಲೇ ಇದ್ದವು. ಅವುಗಳ ಮುಂದೆ ಹನ್ನೊಂದನೆಯದೊಂದು, ಖಾಲಿಯದು. ಬಾಯಿ ದುಂಡಗೆ ಅಗಲಿಸಿಕೊಂಡು, ಆ ಗಾಳಿಯಲ್ಲಿ, ತಾನಾಗಿ ನೆಟ್ಟಗೆ ನಿಂತಿತ್ತು.

ನಡೆದದ್ದು ನಿಜ. ಸಂಜು ಕಳಿಸಿದ ಫೋಟೋ ನನ್ನ ಫೋನಿನಲ್ಲಿದೆ. ಒದ್ದೆ ಚೀಲ ಸೆಟೆದು ನಿಂತಿರಬಹುದು ಅನ್ನುತ್ತೀರಿ. ನಾನೂ ಇಲ್ಲಿ ಮೆಲ್ಬರ್ನಿನಲ್ಲಿ, ಬಾಕ್ಸ್ ಹಿಲ್‌ನ ನಮ್ಮ ಗ್ಯಾರೇಜಿನಲ್ಲಿ, ಅಂಥದ್ದೇ ಒಂದನ್ನು ನೆನೆಸಿ ನಿಲ್ಲಿಸಿ ನೋಡಿದೆ. ನಿಲ್ಲಲಿಲ್ಲ. ಎರಡೂ ಕಡೆ ಯಾರಾದರೂ ಹಿಡಿದಿದ್ದರೆ ಮಾತ್ರ ನಿಲ್ಲುತ್ತದೆ... ಇರಿ, ಒಳಗಿಂದ ಮಗಳು ಮಹಾಶ್ವೇತಾ ಕೂಗುತ್ತಿದ್ದಾಳೆ, ಕಿಟಕಿಯಿಂದ ಮಳೆ ಒಳಗೆ ಹೊಡೆಯುತ್ತಿದೆಯಂತೆ. ಆ ಚೀಲದ ಬಾಯಿ ಇತ್ತಲ್ಲ, ಅದರ...